ಹುಲ್ಲಿನ ಕೇಸಿಗೆ ಮುನಿಸಿಪಲ್ ಕೋರ್ಟ್ ಮೆಟ್ಟಿಲು ಹತ್ತಿದೆ: 5ಕ್ಕೆ 4 ಸ್ಟಾರ್

ಟೆಕ್ಸಾಸ್‌ನಲ್ಲಿ ನಾವಿರುವ ಊರಿನ ಮುನಿಸಿಪಲ್ ಕೋರ್ಟಿಗೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಅದರಲ್ಲಿ ಮೂರು ಅಲ್ಲಿನ ಸರ್ಕಾರಿ ವಕೀಲೆಗೇ ಸೇರಬೇಕು.

ಬೇಸಿಗೆಯಲ್ಲಿ ಆರು ವಾರ ಅಮ್ಮನ ಮನೆಗೆ ಹೋಗಿದ್ದೆವು. ವಾಪಸ್ ಬಂದಾಗ ಅಂಗಳದ ಹುಲ್ಲು ಮೊಣಕಾಲಿಗೆ ಬಂದಿತ್ತು. ನಮ್ಮಲ್ಲಿ 12 ಇಂಚು ದಾಟಿದರೆ ತಪ್ಪು. ಕೋರ್ಟಿಗೆ ಬನ್ನಿ ಎಂಬ ಕಾಗದ ಬಾಗಿಲಲ್ಲೇ ಸಿಕ್ಕಿಸಿತ್ತು. ಟೆಕ್ಸಾಸ್ ಕಾನೂನಿನ ಪ್ರಕಾರ ನಗರದ ನಿಯಮ ಮುರಿದರೆ ಸಾಮಾನ್ಯವಾಗಿ 500 ಡಾಲರ್ ತನಕ ದಂಡ. ಆರೋಗ್ಯ, ಸ್ವಚ್ಛತೆಯ ನಿಯಮಗಳಿಗೆ 2,000 ತನಕ ಹೋಗಬಹುದು. ಜೈಲು ಇಲ್ಲ ಅಂತ ಗೊತ್ತಿದ್ದರೂ ಆ ರಾತ್ರಿ ನಿದ್ದೆ ಬರಲಿಲ್ಲ.

ಜಡ್ಜ್ ಕೂರುವ ಮೊದಲು ವಕೀಲೆ ಒಬ್ಬೊಬ್ಬರನ್ನೇ ಮೂಲೆಯ ಮೇಜಿಗೆ ಕರೆದರು. "ನಾನು ನಗರದ ಪರ ವಕೀಲೆ, ನಿಮಗೆ ಕಾನೂನಿನ ಸಲಹೆ ಕೊಡುವ ಹಾಗಿಲ್ಲ" ಎಂದು ಮೊದಲೇ ಹೇಳಿದರು. ಆ ನೇರ ಮಾತು ನನಗೆ ತುಂಬಾ ಇಷ್ಟವಾಯಿತು. ಫೈಲ್ ತೆಗೆದರು. ಇನ್ಸ್‌ಪೆಕ್ಟರ್ ತೆಗೆದ ಫೋಟೊದಲ್ಲಿ ನಮ್ಮ ಹುಲ್ಲಿನ ನಡುವೆ ಹಳದಿ ಅಳತೆಕೋಲು ನಿಂತಿತ್ತು. 19 ಇಂಚು. ವಾದ ಮಾಡಲು ಏನೂ ಉಳಿದಿರಲಿಲ್ಲ.

ಅವರ ಮೊದಲ ಪ್ರಶ್ನೆ ದಂಡದ್ದಲ್ಲ. "ಈಗ ಹುಲ್ಲು ಹೇಗಿದೆ?" ನಾನು ಹಿಂದಿನ ದಿನವೇ ಟೇಪ್ ಇಟ್ಟು ಫೋಟೊ ತೆಗೆದಿದ್ದೆ. ಹುಲ್ಲು ಕತ್ತರಿಸಿದವರ ರಸೀದಿಯೂ ಇತ್ತು. ಎರಡನ್ನೂ ನಿಧಾನವಾಗಿ ನೋಡಿದರು. ಕೇಸ್ ಕೈಬಿಡಲು ಅರ್ಜಿ ಬರೆದರು, ಜಡ್ಜ್ ಸಹಿ ಹಾಕಿದರು. ಒಂದು ಡಾಲರೂ ಕಟ್ಟಲಿಲ್ಲ. ಸರ್ಕಾರಿ ವಕೀಲರ ಮೊದಲ ಕೆಲಸ ಶಿಕ್ಷೆ ಕೊಡಿಸುವುದಲ್ಲ, ನ್ಯಾಯ ಆಗುವಂತೆ ನೋಡಿಕೊಳ್ಳುವುದು ಅಂತ ಟೆಕ್ಸಾಸ್ ಕಾನೂನಿನಲ್ಲೇ ಇದೆ. ಅವತ್ತು ಅದನ್ನು ಕಣ್ಣಾರೆ ನೋಡಿದೆ.

ನನ್ನ ಮುಂದಿದ್ದ ಅಜ್ಜ ಪರ್ಮಿಟ್ ಇಲ್ಲದೆ ಶೆಡ್ ಕಟ್ಟಿದ್ದರು. ಅವರಿಗೆ ಪರ್ಮಿಟ್ ಮಾಡಿಸಿಕೊಳ್ಳಲು ವಾಯಿದೆ ಸಿಕ್ಕಿತು. ತಪ್ಪೇ ಮಾಡಿಲ್ಲ ಅನ್ನುವವರು ವಿಚಾರಣೆ ಕೇಳಬಹುದು, ಆರು ಜನರ ಜ್ಯೂರಿಯೂ ಇದೆ. ಆದರೆ ಬಂದವರಲ್ಲಿ ಹೆಚ್ಚಿನವರಿಗೆ ಬೇಕಾಗಿದ್ದದ್ದು ಸ್ವಲ್ಪ ಸಮಯ, ಅಷ್ಟೇ ಅಲ್ವಾ?

ಕಳೆದ ಒಂದು ಸ್ಟಾರ್ ನೋಟಿಸಿನದ್ದು. ಮೊದಲ ಎಚ್ಚರಿಕೆಯ ಪತ್ರ ನಮ್ಮ ಹಳೇ ಬಾಡಿಗೆ ಮನೆಗೆ ಹೋಗಿತ್ತು. ತೆರಿಗೆಗಾಗಿ ಮನೆಯ ಬೆಲೆ ಕಟ್ಟುವ ಅಪ್ರೇಸಲ್ ಡಿಸ್ಟ್ರಿಕ್ಟ್‌ನ ದಾಖಲೆಯಲ್ಲಿರುವ ವಿಳಾಸಕ್ಕೆ ಕಳಿಸಿದರೂ ಸಾಕು ಅನ್ನುತ್ತದೆ ಕಾನೂನು. ನಮ್ಮದು ಅಲ್ಲಿ ಬದಲಾಗಿರಲಿಲ್ಲ, ಒಪ್ಪುತ್ತೇನೆ. ಆದರೂ ಆಗಲೇ ಬಾಗಿಲಿಗೂ ಒಂದು ಪ್ರತಿ ಅಂಟಿಸಿದ್ದರೆ ಪಕ್ಕದ ಮನೆಯವರು ಫೋನ್ ಮಾಡುತ್ತಿದ್ದರು, ಕೋರ್ಟಿನ ತನಕ ಬರುತ್ತಲೇ ಇರಲಿಲ್ಲ. ಹೊಸದಾಗಿ ಮನೆ ಕೊಂಡವರು ಇವತ್ತೇ ಆ ವಿಳಾಸ ನೋಡಿಕೊಳ್ಳಿ. ಕೋರ್ಟಿಗೆ ಹೋಗುವುದಾದರೆ ಫೋಟೊಗಳನ್ನು ಪ್ರಿಂಟ್ ಹಾಕಿಸಿಕೊಂಡು ಹೋಗಿ. ನನ್ನ ಫೋನ್ ಚಾರ್ಜ್ ಆರು ಪರ್ಸೆಂಟಿಗೆ ಇಳಿದಿತ್ತು.