ಧರ್ಮಪ್ರಾಂತ್ಯದ ಪತ್ರಿಕೆ: ಅಂಚೆಯಲ್ಲೋ, ಮೊಬೈಲಿನಲ್ಲೋ?

ಬೇಳ, ಕಯ್ಯಾರು, ಮಂಜೇಶ್ವರದ ಇಗರ್ಜಿಗಳು (ಚರ್ಚುಗಳು) ಕೇರಳದ ಕಾಸರಗೋಡು ಜಿಲ್ಲೆಯಲ್ಲಿದ್ದರೂ ಮಂಗಳೂರು ಧರ್ಮಪ್ರಾಂತ್ಯಕ್ಕೆ, ಅಂದರೆ ಮಂಗಳೂರು ಬಿಷಪರ ಆಡಳಿತಕ್ಕೆ, ಸೇರಿದವು. ಹಾಗಾಗಿ 1938ರಲ್ಲಿ ಶುರುವಾದ, ಆ ಧರ್ಮಪ್ರಾಂತ್ಯದ ಕನ್ನಡ ಲಿಪಿಯ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’ ಕಾಸರಗೋಡಿನ ಕಥೋಲಿಕರಿಗೂ ತಮ್ಮದೇ.

ಇಂಥ ಪತ್ರಿಕೆಯ ಅಚ್ಚಿನ ಪ್ರತಿ ಮನೆಮಂದಿಗೆಲ್ಲ ಒಂದೇ ಸಾಕು. ಸಂಜೆಯ ತೇರ್ಸ್ (ಜಪಮಾಲೆ ಪ್ರಾರ್ಥನೆ) ಮುಗಿಸಿ ಅಜ್ಜಿ ಕೈಗೆತ್ತಿಕೊಳ್ಳುತ್ತಾರೆ, ಮೊದಲು ಮರಣವಾರ್ತೆಯ ಪುಟವನ್ನೇ! ಆದರೆ ಅಂಚೆ ತಡವಾದರೆ ಸೆಪ್ಟೆಂಬರ್ 8ರ ಮೊಂತಿ ಹಬ್ಬದ (ಮೇರಿ ಮಾತೆಯ ಜನ್ಮದಿನ, ಹೊಸ ತೆನೆಯ ಹಬ್ಬ) ಲೇಖನ ತೆನೆಯೂಟ ಅರಗಿದ ಮೇಲೆ ಬರುತ್ತದೆ.

ಮೊಬೈಲಿನಲ್ಲಿ ಆ ತಾಪತ್ರಯವಿಲ್ಲ; ದುಬೈಯಲ್ಲಿರುವ ಮಗನೂ ಅದೇ ದಿನ ಓದಬಹುದು. ಪಿಡಿಎಫ್ ಮಾತ್ರ ಕಿರಿಕಿರಿ: ಅಕ್ಷರ ಹಿಗ್ಗಿಸಿದರೆ ಸಾಲು ಪರದೆಯಾಚೆ ಓಡುತ್ತದೆ, ಪ್ರತಿ ಅಂಕಣಕ್ಕೂ ಎಳೆದಾಡಬೇಕು. ಪುಟಗಳನ್ನು ಬರೀ ಸ್ಕ್ಯಾನ್ ಮಾಡಿದ್ದರೆ ಹೆಸರು ಹುಡುಕಲೂ ಆಗದು. ಯೂನಿಕೋಡ್ ಅಕ್ಷರಗಳ (ಚಿತ್ರವಲ್ಲದ, ಹುಡುಕಬಲ್ಲ ಅಕ್ಷರಗಳ) ವೆಬ್ ಪುಟವಿದ್ದರೆ ಅದನ್ನೇ ಆರಿಸಿ.

ಮನೆಯಲ್ಲಿ ಹಿರಿಯರಿದ್ದರೆ ಅಂಚೆ ಚಂದಾ ನಿಲ್ಲಿಸಬೇಡಿ.