ಮರೆಯಲ್ಲಿ ನಿಂತು ಮ್ಯಾಗಜೀನ್ ಬದಲಿಸುವ ಪಾಠ: ಹುಬ್ಬಳ್ಳಿಯ ಒಂದು ಲೇಸರ್ ಶೂಟಿಂಗ್ ಕೇಂದ್ರ

ನಮ್ಮ ಕಡೆ ಶೂಟಿಂಗ್ ಎಂದರೆ ಹೆಚ್ಚಿನವರ ಕಣ್ಣೆದುರು ಬರುವುದು 10 ಮೀಟರ್ ಏರ್ ಪಿಸ್ತೂಲು. ನಿಂತಲ್ಲೇ ನಿಂತು, ಉಸಿರು ಹಿಡಿದು, 75 ನಿಮಿಷದೊಳಗೆ 60 ಗುಂಡು ಹೊಡೆಯುವ ಆಟ. ಓಡುತ್ತ, ಗೋಡೆಯ ಮರೆ ಹಿಡಿಯುತ್ತ, ಗಡಿಯಾರದ ಎದುರು ಹೊಡೆಯುವ ಪ್ರಾಕ್ಟಿಕಲ್ ಶೂಟಿಂಗ್ ಬೇರೆಯೇ ಜಾತಿಯದು. ಹುಬ್ಬಳ್ಳಿಯ ಈ ಕೇಂದ್ರದಲ್ಲಿ ಅದನ್ನು ಲೇಸರ್ ಪಿಸ್ತೂಲಿನಿಂದ ಕಲಿಸುತ್ತಾರೆಂದು ಕೇಳಿ ಮೂರು ಭಾನುವಾರ ಹೋಗಿ ಬಂದೆ. ಇಲ್ಲಿ ನಿಜವಾದ ಗುಂಡಿಲ್ಲ, ಆದರೆ ಗುಂಡು ತುಂಬುವ ಡಬ್ಬಿ, ಅಂದರೆ ಮ್ಯಾಗಜೀನ್ ಕಳಚುತ್ತದೆ, ಖಾಲಿಯಾದಾಗ ಪಿಸ್ತೂಲಿನ ಮೇಲಿನ ಜಾರುವ ಭಾಗವಾದ ಸ್ಲೈಡ್ ಹಿಂದಕ್ಕೆ ಸರಿದು ನಿಲ್ಲುತ್ತದೆ.

ತರಬೇತುದಾರರು ಅನುಸರಿಸುವುದು 1996ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಐಡಿಪಿಎ (ಇಂಟರ್‌ನ್ಯಾಷನಲ್ ಡಿಫೆನ್ಸಿವ್ ಪಿಸ್ತೂಲ್ ಅಸೋಸಿಯೇಷನ್) ಪದ್ಧತಿಯನ್ನು. ಅದಕ್ಕಿಂತ ಹಳೆಯದಾದ, 1976ರ ಐಪಿಎಸ್‌ಸಿ (ಇಂಟರ್‌ನ್ಯಾಷನಲ್ ಪ್ರಾಕ್ಟಿಕಲ್ ಶೂಟಿಂಗ್ ಕಾನ್ಫೆಡರೇಷನ್) ಪದ್ಧತಿಯಲ್ಲಿ ಮರೆಯ ಕಟ್ಟುಪಾಡಿಲ್ಲ. ನೆಲದ ಗೆರೆ ದಾಟದಿದ್ದರಾಯಿತು, ಎಲ್ಲಿ ಬೇಕಾದರೂ ರೀಲೋಡ್ ಮಾಡಬಹುದು, ಅಂದರೆ ಮ್ಯಾಗಜೀನ್ ಬದಲಿಸಬಹುದು. ಐಡಿಪಿಎ ಹಾಗಲ್ಲ. ಎದುರಿನ ಗುರಿಯನ್ನು ಗುಂಡು ಹಾರಿಸಬಲ್ಲ ಮನುಷ್ಯನೆಂದು ಭಾವಿಸಿ ರೂಪಿಸಿದ ಆಟವಾದ್ದರಿಂದ, ಮರೆ ಇರುವ ಕಡೆ, ಇನ್ನೂ ಹೊಡೆಯದ ಗುರಿಗಳಿಗೆ ಮೈ ತೋರಿಸುತ್ತ ಮ್ಯಾಗಜೀನ್ ಬದಲಿಸುವಂತಿಲ್ಲ. ತಪ್ಪಿದರೆ ಒಟ್ಟು ಸಮಯಕ್ಕೆ 3 ಸೆಕೆಂಡು ದಂಡ ಸೇರುತ್ತದೆ. ಗುರಿಯಲ್ಲಿ ಕಳೆದುಕೊಳ್ಳುವ ಒಂದು ಅಂಕಕ್ಕೆ 1 ಸೆಕೆಂಡು ಮಾತ್ರ ಎನ್ನುವುದನ್ನು ನೆನೆದರೆ ಇದು ಎಷ್ಟು ದುಬಾರಿಯೆಂದು ತಿಳಿಯುತ್ತದೆ. ಈ ಕಾರಣವನ್ನು ಮೊದಲೇ ಬಿಡಿಸಿ ಹೇಳಿದ್ದು ನನಗೆ ಹಿಡಿಸಿತು. ನಾನು ಖಾಲಿ ಪಿಸ್ತೂಲು ಹಿಡಿದು ಪ್ಲೈವುಡ್ ಗೋಡೆಯಿಂದ ಹೊರಗೆ ನುಗ್ಗಿದಾಗ ತರಬೇತುದಾರರು ಹೆಗಲು ಹಿಡಿದು ನಿಲ್ಲಿಸಿ, "ಸರ್, ಖಾಲಿ ಗನ್ ಹಿಡ್ಕೊಂಡು ಎಲ್ಲಿಗೆ ಹೊಂಟ್ರಿ? ಗ್ವಾಡಿ ಹಿಂದ ನಿಂತು ತುಂಬ್ಕೊಂಡು ಬರ್ರಿ" ಎಂದರು.

ಎರಡನೆಯ ದಿನ ಇನ್ನೂ ಗುಂಡು ಉಳಿದಿರುವಾಗ ಮ್ಯಾಗಜೀನ್ ಬದಲಿಸುವುದನ್ನು ಕಲಿಸಿದರು. ಗುಂಡು ಉಳಿದ ಮ್ಯಾಗಜೀನನ್ನು ನೆಲಕ್ಕೆ ಬಿಟ್ಟು ಮುಂದೆ ಓಡಿದರೂ ದಂಡವಿದೆ. ಅದನ್ನು ಜೇಬಿಗೋ ಸೊಂಟದ ಚೀಲಕ್ಕೋ ಸೇರಿಸಿಕೊಂಡೇ ಹೊರಡಬೇಕು. ಹೇಳುವಷ್ಟು ಸುಲಭವಲ್ಲ. ನನ್ನ ಪ್ಯಾಂಟಿನ ಜೇಬಿನಲ್ಲಿ ಮನೆಯ ಕೀಲಿಗೊಂಚಲು ಇದ್ದು, ಮ್ಯಾಗಜೀನ್ ಅದರ ಬಳೆಗೆ ತಗುಲಿ ಅರ್ಧಕ್ಕೇ ನಿಂತಿತು. ಅದನ್ನು ಬಿಡಿಸುವಷ್ಟರಲ್ಲಿ ಪಕ್ಕದ ಕಾಲೇಜು ಹುಡುಗಿ ತನ್ನ ಸರದಿ ಮುಗಿಸಿ ನೀರು ಕುಡಿಯುತ್ತಿದ್ದಳು. ಜೇಬು ಖಾಲಿ ಮಾಡಿಕೊಂಡು ಹೋಗುವುದು ಲೇಸು.

ಕೇಂದ್ರ ಎಡವಿರುವುದು ಮರೆಯ ಜೋಡಣೆಯಲ್ಲಿ. ಐಡಿಪಿಎಯಲ್ಲಿ ಮೊದಲು ದೇಹದ ಮೇಲ್ಭಾಗ ಅರ್ಧಕ್ಕಿಂತ ಹೆಚ್ಚು ಮತ್ತು ಕಾಲು ಪೂರ್ತಿ ಮರೆಯಲ್ಲಿರಬೇಕಿತ್ತು. ಅದನ್ನು ಅಧಿಕಾರಿ ಕಣ್ಣಂದಾಜಿನಲ್ಲಿ ನಿರ್ಣಯಿಸಬೇಕಾಗಿ ತಕರಾರುಗಳು ಏಳುತ್ತಿದ್ದವು. 2017ರ ನಿಯಮಾವಳಿ ನೆಲದ ಮೇಲೆ ಗೆರೆ ತಂದಿತು. ಪಾದ ಗೆರೆಯಾಚೆ ನೆಲ ಮುಟ್ಟದಿದ್ದರೆ ಮರೆಯಲ್ಲಿದ್ದಂತೆಯೇ. ಇಲ್ಲಿಯೂ ಹಳದಿ ಟೇಪು ಅಂಟಿಸಿದ್ದಾರೆ, ಆದರೆ ಮೂರನೆಯ ನಿಲುಗಡೆಯ ನೀಲಿ ಡ್ರಮ್ಮು ಟೇಪಿಗಿಂತ ಒಂದು ಗೇಣು ಬಲಕ್ಕಿದೆ. ಹೀಗಾಗಿ ಗೆರೆಯೊಳಗೇ ನಿಂತರೂ ಎಡಗಡೆಯ ಗುರಿ ಸಂದಿಯಿಂದ ಇಣುಕುತ್ತದೆ. ಅಲ್ಲಿ ರೀಲೋಡ್ ಮಾಡಿದ ನನಗೆ ಒಬ್ಬ ತರಬೇತುದಾರರು ದಂಡ ಹಾಕಿದರು, ಮರುವಾರ ಅದೇ ಜಾಗದಲ್ಲಿ ಇನ್ನೊಬ್ಬರು ಹಾಕಲಿಲ್ಲ. ಕಣ್ಣಂದಾಜಿನ ಜಗಳ ತಪ್ಪಿಸಲೆಂದೇ ಬಂದ ಗೆರೆಯ ಪಕ್ಕದಲ್ಲಿ ಮತ್ತೆ ಕಣ್ಣಂದಾಜಿನ ತೀರ್ಪು ಕೊಡುವುದು ಸರಿಯಲ್ಲ.

ಕಣ್ಣಿಗೆ ಕನ್ನಡಕವನ್ನು ಕಡ್ಡಾಯ ಮಾಡಿದ್ದಾರೆ, ಪಿಸ್ತೂಲಿನ ಬಾಯಿ ಸದಾ ಗುರಿಯತ್ತಲೇ ಇರಬೇಕೆಂಬುದರಲ್ಲಿ ರಿಯಾಯಿತಿಯಿಲ್ಲ. 90 ನಿಮಿಷಕ್ಕೆ 600 ರೂಪಾಯಿ ಹೆಚ್ಚೆನ್ನಿಸಲಿಲ್ಲ. ನಿಜವಾದ ಪಿಸ್ತೂಲಿನಂತೆ ಲೇಸರ್ ಪಿಸ್ತೂಲು ಕೈಯನ್ನು ಹಿಂದಕ್ಕೆ ಒದೆಯುವುದಿಲ್ಲ ಎಂಬ ಕೊರತೆ ಉಳಿದೇ ಇರುತ್ತದೆ, ಆದರೆ ಮ್ಯಾಗಜೀನ್ ಬದಲಿಸುವ ಕೈಚಳಕಕ್ಕೆ ಅದು ಅಡ್ಡಿಯಲ್ಲ. ಡ್ರಮ್ಮಿನ ಬಗ್ಗೆ ಎರಡನೆಯ ವಾರವೇ ಹೇಳಿದ್ದೆ, ಸರಿಸುತ್ತೇವೆ ಎಂದಿದ್ದರು. ಮೂರನೆಯ ಭಾನುವಾರ ಹೋದಾಗಲೂ ಅದು ಅಲ್ಲೇ ಇತ್ತು, ಮೇಲೆ ಯಾರೋ ಕುಡಿದಿಟ್ಟ ಚಹಾದ ಕಪ್ಪು ಬೇರೆ.