'ಎಲ್ಲ ಆಟೋ ಸೇವ್ ಉಂಟು ಅಕ್ಕ' ಅಂದವನಿಗೆ 3,500 ಕೊಟ್ಟು ಬಂದೆ

ಡೊಂಬಿವಲಿ, ಠಾಣೆ ಕಡೆಯ ನಮ್ಮವರೇ, ಲ್ಯಾಪ್‌ಟಾಪಿನಲ್ಲಿ ಪಿಯಾನೋ ಸಾಫ್ಟ್‌ವೇರ್ ಇಟ್ಟುಕೊಂಡಿದ್ದರೆ ರಿಪೇರಿಗೆ ಕೊಡುವ ಮುಂಚೆ ಇದನ್ನು ಓದಿ. ಬರೆಯೋಕೂ ನಾಚಿಕೆ. ಆದರೂ ಬರೆಯುತ್ತೇನೆ, ಇನ್ನೊಬ್ಬರು ಹೋಗಿ ಬೀಳಬಾರದು.

ಅಮ್ಮನಿಗೆ 68. ಹುಡುಗಿಯಾಗಿದ್ದಾಗ ಹಾರ್ಮೋನಿಯಂ ಕಲಿತವಳು. ಅವಳಿಗಾಗಿ 61 ಕೀಗಳ ಮಿಡಿ ಕೀಬೋರ್ಡ್ ತಂದಿದ್ದೆ, ಲ್ಯಾಪ್‌ಟಾಪಿನ ಪಿಯಾನೋ ಸಾಫ್ಟ್‌ವೇರಿಗೆ ಜೋಡಿಸಿ ನುಡಿಸುವಂಥದ್ದು. ಸಂಜೆ ದೀಪ ಹಚ್ಚಿದ ಮೇಲೆ ದೇವರನಾಮ ನುಡಿಸುತ್ತಾಳೆ. ಬಲಗೈಯಲ್ಲಿ ಮಾತ್ರ. ಎಡಗೈ ಹಳೇ ಅಭ್ಯಾಸಕ್ಕೆ ಗಾಳಿಯಲ್ಲೇ ತಿದಿ ಒತ್ತುತ್ತಿರುತ್ತದೆ, ನೋಡಿದರೆ ನಗು ಬರುತ್ತದೆ.

ಜೋಡಿಸಿಕೊಟ್ಟವನು ಸ್ಟೇಷನ್ ಹತ್ತಿರದ ಅಂಗಡಿಯವನು. ಉಡುಪಿ ಕಡೆಯ ಹುಡುಗ, ಕನ್ನಡ ಕೇಳಿ ನಾನು ಕರಗಿಹೋಗಿದ್ದೆ. "ರೆಕಾರ್ಡ್ ಬಟನ್ ಒತ್ತಬೇಕಾ?" ಅಂದರೆ, "ಬೇಡ ಅಕ್ಕ, ಎಲ್ಲ ಆಟೋ ಸೇವ್ ಉಂಟು."

ಸುಳ್ಳಲ್ಲ. ಮೊದಲ ಕೀ ಒತ್ತಿದಾಗ ರೆಕಾರ್ಡಿಂಗ್ ತಾನೇ ಶುರುವಾಗುತ್ತಿತ್ತು. ಸ್ವಲ್ಪ ಹೊತ್ತು ನುಡಿಸದಿದ್ದರೆ ನಿಲ್ಲುತ್ತಿತ್ತು, ತಾರೀಖಿನ ಹೆಸರಲ್ಲಿ ಒಂದು ಫೈಲ್ ಆಗುತ್ತಿತ್ತು. ಎಲ್ಲಿ ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಗೊತ್ತಾಯಿತು, ವಿಂಡೋಸಿನ ಆಪ್‌ಡೇಟಾ ಫೋಲ್ಡರಿನೊಳಗೆ. ಅದು ಹಿಡನ್, ಸುಮ್ನೆ ಹುಡುಕಿದರೆ ಕಣ್ಣಿಗೇ ಬೀಳದು. ಅಮ್ಮನ ಏಳು ತಿಂಗಳ ಸಂಜೆಗಳು ಅಲ್ಲಿದ್ದವು. ನಾನಾಗಿ ರೆಕಾರ್ಡ್ ಒತ್ತಿ ಸೇವ್ ಮಾಡಿದ್ದು ಒಂದೇ ಒಂದು. ಅದೂ ಟೆಸ್ಟಿಂಗಿಗೆ.

ಲ್ಯಾಪ್‌ಟಾಪ್ ನಿಧಾನವಾಯಿತು ಅಂತ ಅವನಿಗೇ ಕೊಟ್ಟೆ. ಫಾರ್ಮ್ಯಾಟ್ ಮಾಡಿದ. ಬ್ಯಾಕಪ್ ತಗೊಂಡೆಯಾ ಅಂದರೆ, "ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫೋಟೋ ಎಲ್ಲ ಉಂಟು." ಮನೆಗೆ ಬಂದು ತೆರೆದರೆ ರೆಕಾರ್ಡಿಂಗ್ ಪಟ್ಟಿ ಖಾಲಿ.

ಇಷ್ಟೇ ಆಗಿದ್ದರೆ ನನ್ನದೂ ತಪ್ಪು ಅಂತ ಸುಮ್ಮನಾಗುತ್ತಿದ್ದೆ. "ರಿಕವರಿ ಆಗ್ತದೆ ಅಕ್ಕ, 3,500 ಆಗ್ತದೆ, ಟೆನ್ಶನ್ ಮಾಡ್ಬೇಡಿ, ನಾವು ನಾವೇ ಅಲ್ವಾ" ಅಂದ. ಮೂರು ದಿನ ಬಿಟ್ಟು ಪೆನ್‌ಡ್ರೈವ್ ಕೊಟ್ಟ. ನಲವತ್ತು ಫೈಲ್, ಎಲ್ಲಕ್ಕೂ ತಾರೀಖಿನ ಹೆಸರು. ಒಂದನ್ನು ಅಲ್ಲೇ ಹಚ್ಚಿದ. ಹೊರಗೆ ಲೋಕಲ್ ಟ್ರೈನಿನ ಗದ್ದಲ, ಪಿಯಾನೋ ಸದ್ದು ಬಂತು ಅನ್ನೋದಷ್ಟೇ ಕಿವಿಗೆ ಬಿತ್ತು. ನಿಂತಲ್ಲೇ ಯುಪಿಐ ಮಾಡಿದೆ. ಥ್ಯಾಂಕ್ಸ್ ಬೇರೆ ಹೇಳಿದೆ!

ರಾತ್ರಿ ಮನೆಯಲ್ಲಿ ಹಾಕಿದರೆ ಅಡುಗೆಮನೆಯಿಂದ ಅಮ್ಮ, "ಇದ್ಯಾರೇ? ಎರಡೂ ಕೈಯಲ್ಲಿ ನುಡಿಸ್ತಿದ್ದಾರಲ್ಲ?" ಅಂದಳು.

ಎರಡೂ ಕೈ. ನನಗೆ ಹೊಟ್ಟೆಯೊಳಗೆ ತಣ್ಣಗಾಯಿತು.

ಮಿಡಿ ಫೈಲಿನಲ್ಲಿ ಸದ್ದು ಇರುವುದಿಲ್ಲ. ಯಾವ ಕೀ, ಎಷ್ಟು ಜೋರಾಗಿ, ಯಾವಾಗ ಒತ್ತಿದ್ದು, ಯಾವಾಗ ಬಿಟ್ಟಿದ್ದು ಅನ್ನುವ ಲೆಕ್ಕ ಮಾತ್ರ. ತಮ್ಮ ಅದನ್ನು ತೆರೆದು ತೋರಿಸಿದ. ಮಿಡಿಯಲ್ಲಿ ಒಂದೊಂದು ಸ್ವರಕ್ಕೂ ಒಂದು ನಂಬರ್. ನಮ್ಮ 61 ಕೀಗಳ ಕೀಬೋರ್ಡು, ಬಟನ್ ಒತ್ತಿ ಆಕ್ಟೇವ್ (ಸ್ಥಾಯಿ) ಬದಲಿಸದಿದ್ದರೆ, 36ರಿಂದ 96ರವರೆಗಿನ ಸ್ವರ ಕಳಿಸುತ್ತದೆ. ಅಮ್ಮ ಆ ಬಟನ್ ಮುಟ್ಟಿದವಳೇ ಅಲ್ಲ. ಈ ಫೈಲುಗಳಲ್ಲಿ 28 ಇದೆ, 103 ಇದೆ. ಸಾಲುಗಟ್ಟಲೆ ಕಂಟ್ರೋಲ್ 64, ಅಂದರೆ ಸ್ವರ ಎಳೆದು ನಿಲ್ಲಿಸೋಕೆ ಕಾಲಲ್ಲಿ ಒತ್ತುವ ಸಸ್ಟೈನ್ ಪೆಡಲ್. ನಮ್ಮ ಮನೆಯಲ್ಲಿ ಪೆಡಲೇ ಇಲ್ಲ! ಸಾಫ್ಟ್‌ವೇರ್ ಜೊತೆಗೇ ಬರುವ ಡೆಮೋ ಪಟ್ಟಿ ತೆರೆದೆವು. ಅವೇ. ಅವನ್ನೇ ಕಾಪಿ ಮಾಡಿ, ಹೆಸರು ಬದಲಿಸಿ, ನನಗೇ ಮಾರಿದ್ದ. ಕೆಲವು ಎರಡೆರಡು ಸಲ.

ಫೋನ್ ಮಾಡಿದೆ. ಮೊದಲು "ನಿಮ್ಮ ಅಮ್ಮ ಮರೆತಿರಬಹುದು ಅಕ್ಕ, ವಯಸ್ಸಾಯ್ತಲ್ಲ." ಅದನ್ನು ಮಾತ್ರ ನಾನು ಮರೆಯಲಾರೆ. ಪೆಡಲ್ ವಿಷಯ ಎತ್ತಿದರೆ "ಅದು ಸಾಫ್ಟ್‌ವೇರ್ ಸೇರಿಸ್ತದೆ." ಡೆಮೋ ಪಟ್ಟಿಯ ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ "ಮಿಡಿ ಫೈಲ್ ಬೇಕು ಅಂದ್ರಿ, ಮಿಡಿ ಫೈಲೇ ಕೊಟ್ಟೆ. ಮೂರು ದಿನ ಕೂತಿದ್ದೇನೆ, ಮೆಹನತ್ತಿಗೆ ದುಡ್ಡು ಬೇಡ್ವಾ?" ಇದೇ ಮಾತು, ತಿರುಗಿಸಿ ತಿರುಗಿಸಿ ಮೂರು ಸಲ.

ಎಸ್‌ಎಸ್‌ಡಿ (ಲ್ಯಾಪ್‌ಟಾಪಿನಲ್ಲಿ ಫೈಲೆಲ್ಲ ಇರುವ ಡ್ರೈವ್) ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿದ ಮೇಲೆ ಫೈಲ್ ವಾಪಸ್ ಬರೋದು ಕಷ್ಟ ಅಂತ ತಮ್ಮ ಹೇಳಿದ. ಆ ಹುಡುಗನಿಗೂ ಗೊತ್ತಿರಲೇಬೇಕು. ನನ್ನ ಹೊಟ್ಟೆ ಉರಿಸೋದು ಇನ್ನೊಂದು. ಸಿಡಿ ಗುಣಮಟ್ಟದ ಆಡಿಯೋ ಒಂದು ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ. ಮಿಡಿ ಫೈಲ್ ಕೆಲವೇ ಕೆಬಿ. ಏಳು ತಿಂಗಳದ್ದೆಲ್ಲ ಒಂದು ಮೇಲ್‌ಗೆ ಅಂಟಿಸಿ ನನಗೇ ಕಳಿಸಿಕೊಂಡಿದ್ದರೆ ಮುಗಿದಿತ್ತು!

ಆಟೋ ರೆಕಾರ್ಡಿಂಗ್ ಯಾವ ಫೋಲ್ಡರಿಗೆ ಹೋಗುತ್ತದೆ ಅಂತ ಇವತ್ತೇ ಸೆಟ್ಟಿಂಗ್ಸಿನಲ್ಲಿ ನೋಡಿ. ಹಳೆಯದನ್ನು ತಾನೇ ಅಳಿಸುವ ಮಿತಿ ಇದೆಯಾ ಅಂತಲೂ ನೋಡಿ. ಬೇಕಾದ್ದನ್ನು ರೆಕಾರ್ಡ್ ಒತ್ತಿ ಬೇರೆ ಕಡೆ ಸೇವ್ ಮಾಡಿ. ರಿಕವರಿ ಅಂದರೆ ಮನೆಯಲ್ಲಿ ಕೇಳಿ ಆಮೇಲೆ ದುಡ್ಡು ಕೊಡಿ. ಕನ್ನಡ ಮಾತಾಡಿದ ಅಂತ ಮೊದಲೇ ಕೊಡಬೇಡಿ, ನನ್ನ ಹಾಗೆ.

ದುಡ್ಡು ವಾಪಸ್ ಕೇಳಿದ ಮೆಸೇಜಿಗೆ ನೀಲಿ ಟಿಕ್ ಬಿದ್ದು ಹನ್ನೊಂದು ದಿನವಾಯಿತು. ಇವತ್ತು ಬೆಳಿಗ್ಗೆ ಅದೇ ನಂಬರಿನಿಂದ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಬಂದಿದೆ.